ಬೋರ್ಡೋ ಬಾಟಲಿಯೂ ನಮ್ಮ ಮೈಲುತುತ್ತೂ

ವೈನ್ ಎಂದರೆ ಮದ್ಯವಲ್ಲ ಎಂಬ ಮಾತನ್ನು ಈಚಿನ ವರ್ಷಗಳಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸೋಜಿಗವೆಂದರೆ, ನನಗೆ ಇದನ್ನು ಹೇಳಿದವರಲ್ಲಿ ಹೆಚ್ಚಿನವರು ಹೆಂಗಸರೇ. ಗಂಡಸರು ಕುಡಿಯುವಾಗ ಕುಡಿಯುತ್ತೇವೆ ಎಂದೇ ಹೇಳುತ್ತಾರೆ, ಇಲ್ಲವೇ ಏನೂ ಹೇಳದೆ ಕುಡಿಯುತ್ತಾರೆ. ನಮ್ಮವರು ಮಾತ್ರ ಕಾರಣ ಕೊಡುತ್ತಾರೆ. ರಕ್ತ ಆಗುತ್ತದಂತೆ, ಹೃದಯಕ್ಕೆ ಒಳ್ಳೆಯದಂತೆ, ಮುಖಕ್ಕೆ ಹೊಳಪು ಬರುತ್ತದಂತೆ, ರಾತ್ರಿ ನಿದ್ದೆ ಬರುತ್ತದಂತೆ. ಬೆಂಗಳೂರಿನ ಗೃಹಪ್ರವೇಶದ ಸಂಜೆಯ ಊಟಗಳಲ್ಲಿ ‘ಲೇಡೀಸಿಗೆ ವೈನ್ ಇದೆ’ ಎಂದು ಬೇರೆಯೇ ಒಂದು ಮೇಜು ಇಡುವುದು ಈಗ ಮರ್ಯಾದೆಯ ಲಕ್ಷಣ. ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗಿ ಬಂದವರ ಚೀಲದಲ್ಲಿ ಜೇನು, ಕರಿಮೆಣಸು, ಏಲಕ್ಕಿಯ ಜೊತೆಗೆ ‘ಹೋಮ್ ಮೇಡ್’ ಎಂದು ಬರೆದ ಬಾಟಲಿಯೊಂದು ಇರುತ್ತದೆ. ಅದು ಉಪ್ಪಿನಕಾಯಿಯ ಅಕ್ಕನೋ ತಂಗಿಯೋ ಎಂಬಂತೆ ಅಡುಗೆಮನೆಯ ನಾಗಂದಿಗೆ ಏರುತ್ತದೆ.

ಕುಡಿಯುವವರ ಮೇಲೆ ನನಗೆ ಸಿಟ್ಟಿಲ್ಲ. ಅದು ಅವರವರ ಬಾಯಿ, ಅವರವರ ದುಡ್ಡು. ನನ್ನ ಸಿಟ್ಟು ಇರುವುದು ಅದನ್ನು ಕಷಾಯದ ಸಾಲಿಗೆ ಸೇರಿಸಿದವರ ಮೇಲೆ, ಮತ್ತು ಆ ಸೇರಿಸುವಿಕೆಯನ್ನು ನಾವು ಇಷ್ಟು ಸುಲಭವಾಗಿ ನಂಬಿದ ಮೇಲೆ.

ಪರದೇಶದಿಂದ ಬಂದ ನಂಟರೊಬ್ಬರು ತಂದ ಕೆಂಪು ವೈನಿನ ಬಾಟಲಿಯೊಂದರ ಮೇಲಿನ ಚೀಟಿಯನ್ನು ನಾನು ಪೂರ್ತಿ ಓದಿದ್ದೇನೆ. ಬಾಟಲಿಗಿಂತ ಚೀಟಿಯೇ ಹೆಚ್ಚು ಅಮಲಿನದು. ಜನವಸತಿಯಿಂದ ಬಹುದೂರದ ಕಣಿವೆಯಂತೆ. ಅಲ್ಲಿ ಒಂದೇ ತೋಟವಂತೆ. ಮಣ್ಣು, ನೀರು, ಹಕ್ಕಿ, ಹುಳ ಎಲ್ಲವನ್ನೂ ಮುಂದಿನ ತಲೆಮಾರಿಗೆ ಉಳಿಸಿಕೊಂಡು ಬೇಸಾಯ ಮಾಡುತ್ತಾರಂತೆ. ಮೂರು ಜಾತಿಯ ದ್ರಾಕ್ಷಿಯನ್ನು ಬೇರೆ ಬೇರೆಯಾಗಿ ಹುಳಿಬರಿಸಿ ಆಮೇಲೆ ಕೂಡಿಸುತ್ತಾರಂತೆ. ಓದುತ್ತಾ ಹೋದರೆ ಇದು ಕುಡಿಯುವ ವಸ್ತುವೋ, ಮಾಡಿ ಮುಗಿಸಬೇಕಾದ ಪುಣ್ಯಕಾರ್ಯವೋ ಎಂಬ ಸಂಶಯ ಬರುತ್ತದೆ.

ಆಲೆಟ್ಟಿಯವಳಾದ ನನಗೆ ಮೊದಲು ನಗು ಬಂದದ್ದು ಆ ‘ದೂರ’ ಎಂಬ ಮಾತಿಗೆ. ದೂರಕ್ಕೂ ಬೆಲೆ ಕಟ್ಟುತ್ತಾರೆಂದು ನಮಗೆ ಯಾರೂ ಹೇಳಿರಲಿಲ್ಲ. ಒಂದು ಕಡೆ ಕೇರಳದ ಗಡಿ, ಇನ್ನೊಂದು ಕಡೆ ಕಾಡು, ನಡುವೆ ಅಡಿಕೆ ತೋಟ ಮತ್ತು ರಬ್ಬರು. ಮಳೆಗಾಲದಲ್ಲಿ ಬಸ್ಸು ತಪ್ಪಿದರೆ ಸುಳ್ಯದ ಪೇಟೆಯಲ್ಲಿ ಜೀಪು ಕಾಯುತ್ತಾ ನಿಲ್ಲುವ ನಮ್ಮಂಥವರಿಗೆ ದೂರ ಎಂದರೆ ಸಾಗಾಟದ ಖರ್ಚು. ಅಡಿಕೆ ಕೊಳ್ಳುವವರು ನಮ್ಮ ಊರು ದೂರದಲ್ಲಿದೆ ಎಂದು ಕಿಲೋಗೆ ನಾಲ್ಕಾಣೆ ಹೆಚ್ಚು ಕೊಟ್ಟದ್ದನ್ನು ನಾನು ಕಂಡಿಲ್ಲ. ಹಾಗೆ ನೋಡಿದರೆ ಹಕ್ಕಿ, ಹುಳ, ಕಾಡುಹಂದಿ, ಮಂಗ, ಆನೆ ಎಲ್ಲವನ್ನೂ ಉಳಿಸಿಕೊಂಡು ಬೇಸಾಯ ಮಾಡುತ್ತಿರುವವರು ನಾವೇ. ಅರ್ಧಕ್ಕರ್ಧ ಅವುಗಳಿಗಾಗಿಯೇ ಮಾಡುತ್ತೇವೆ ಎಂದರೂ ಸರಿ.

ಈ ಕೆಂಪು ವೈನಿನ ಕೂಡಿಕೆಯನ್ನು ನಾನು ಹೀಗಳೆಯುವುದಿಲ್ಲ. ಅದರಲ್ಲಿ ವಿದ್ಯೆ ಇದೆ. ಕ್ಯಾಬರ್ನೆ ಸೋವಿನ್ಯೋ ಎಂಬ ದ್ರಾಕ್ಷಿಗೆ ಸಿಪ್ಪೆ ದಪ್ಪ, ಒಗರು ಹೆಚ್ಚು. ಮೆರ್ಲೋ ಮೆತ್ತಗೆ. ಶಿರಾಜ್ ಎಂಬುದಕ್ಕೆ ಸ್ವಲ್ಪ ಮೆಣಸಿನ ಘಾಟು. ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ ಕೂಡಿಸುವುದು ನಾವು ಸಾರಿನ ಪುಡಿಗೆ ಬ್ಯಾಡಗಿಯನ್ನೂ ಊರ ಮೆಣಸನ್ನೂ ಕೂಡಿಸಿದ ಹಾಗೆ. ಬಣ್ಣಕ್ಕೆ ಒಂದು, ಖಾರಕ್ಕೆ ಒಂದು. ನಮ್ಮ ರಾಜ್ಯದಲ್ಲೇ ಇದನ್ನು ಬಲ್ಲವರಿದ್ದಾರೆ. ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಬದಿಯಲ್ಲಿ ಗ್ರೋವರ್ ಮನೆತನದವರು 1980ರ ದಶಕದಲ್ಲಿ ಫ್ರಾನ್ಸಿನ ಬಳ್ಳಿಗಳನ್ನು ತಂದು ನೆಟ್ಟು, ಕ್ಯಾಬರ್ನೆ ಮತ್ತು ಶಿರಾಜ್ ಕೂಡಿಸಿ ‘ಲಾ ರಿಸರ್ವ್’ ಎಂಬ ಕೆಂಪು ವೈನನ್ನು ಮಾಡಿ ಹೊರದೇಶಕ್ಕೂ ಕಳಿಸಿದರು. ಹಂಪಿಯ ಬೆಟ್ಟಗಳ ಕಡೆಯಲ್ಲೂ ಈಗ ಅಂಥ ಒಂದು ತೋಟವಿದೆ, ಕ್ರಸ್ಮಾ ಎಂದು ಹೆಸರು. ಮಳೆ ಕಡಿಮೆ, ಬಿಸಿಲು ಧಾರಾಳ, ಕಲ್ಲುಮಣ್ಣು. ದ್ರಾಕ್ಷಿಗೆ ಬೇಕಾದದ್ದು ಅದೇ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಮ್ಮಲ್ಲಿ ಚಪ್ಪರಕ್ಕೆ ಹಬ್ಬಿಸಿದ ಬಳ್ಳಿ ಆಷಾಢಕ್ಕೆ ಮೊದಲೇ ಬೂಸಲು ಹಿಡಿದು ಕೂರುತ್ತದೆ.

ಆದರೂ ದ್ರಾಕ್ಷಿ ತೋಟಕ್ಕೂ ನಮ್ಮ ಅಡಿಕೆ ತೋಟಕ್ಕೂ ಒಂದು ನಂಟಿದೆ. ಅದನ್ನು ಬಾಟಲಿಯ ಚೀಟಿ ಹೇಳುವುದಿಲ್ಲವಾದ್ದರಿಂದ ನಾನು ಹೇಳಬೇಕಾಗಿದೆ.

ದಕ್ಷಿಣ ಕನ್ನಡದ ಯಾವ ಕೃಷಿಕರ ಮನೆಯ ಹೆಂಗಸನ್ನು ಬೇಕಾದರೂ ಕೇಳಿ, ‘ಬೋರ್ಡೋ’ ಎಂದರೆ ಏನು ಎಂದು. ಆಷಾಢದ ಮಳೆ ಸ್ವಲ್ಪ ಹೊಳವು ಕೊಟ್ಟ ದಿನ ಮರಕ್ಕೆ ಹೊಡೆಯುವ ಮದ್ದು ಎನ್ನುತ್ತಾಳೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕೊಳೆರೋಗ, ನಮ್ಮ ಬಾಯಲ್ಲಿ ಮಹಾಳಿ, ತಡೆಯಲು ಇದಲ್ಲದೆ ಗತಿಯಿಲ್ಲ. ಮದ್ದು ಬಿಟ್ಟ ದಿನದ ಅಂಗಿಗಳನ್ನು ಒಗೆದವರಿಗೆ ಗೊತ್ತು ಆ ನೀಲಿ ಎಷ್ಟು ಒಗೆತಕ್ಕೂ ಹೋಗದು ಎಂದು. ಕೈಬೆರಳಿನ ಸಂದು ಉರಿಯುತ್ತದೆ. ಬಾವಿಕಟ್ಟೆಯ ಹತ್ತಿರ ಡ್ರಮ್ಮು ತೊಳೆಯಬೇಡಿ ಎಂದು ಪ್ರತಿ ವರ್ಷ ಜಗಳ ಮಾಡುವವಳೂ ಅವಳೇ.

ಈ ಬೋರ್ಡೋ ಎಂಬುದು ಊರಿನ ಹೆಸರು. ಫ್ರಾನ್ಸಿನಲ್ಲಿ ಕೆಂಪು ವೈನಿನ ಕೂಡಿಕೆಗೆ ಜಗತ್ಪ್ರಸಿದ್ಧವಾದ ಊರು. 1880ರ ದಶಕದಲ್ಲಿ ಅಲ್ಲಿನ ಬಳ್ಳಿಗಳಿಗೆ ಬೂಸಲು ರೋಗ ಬಂದು ತೋಟಕ್ಕೆ ತೋಟವೇ ಎಲೆ ಉದುರಿಸಿತು. ಆದರೆ ದಾರಿಬದಿಯ ಸಾಲುಗಳು ಮಾತ್ರ ಹಸಿರಾಗಿಯೇ ಇದ್ದವು. ಯಾಕೆಂದರೆ ದಾರಿಹೋಕರು ದ್ರಾಕ್ಷಿ ಕದ್ದು ತಿನ್ನದಿರಲಿ ಎಂದು ತೋಟದವರು ಆ ಸಾಲುಗಳಿಗೆ ಮೈಲುತುತ್ತು ಮತ್ತು ಸುಣ್ಣ ಬೆರೆಸಿ ಎರಚಿದ್ದರು. ನೋಡಲು ವಿಷದಂತೆ ಕಾಣಲಿ ಎಂದು. ಅಲ್ಲಿನ ಸಸ್ಯಶಾಸ್ತ್ರದ ಪ್ರೊಫೆಸರ್ ಮಿಲ್ಲಾರ್ಡೆ ಇದನ್ನು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆ ಹೆದರಿ ಮಾಡಿದ ಉಪಾಯ ಜಗತ್ತಿಗೇ ಮದ್ದಾಯಿತು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಇದೇ ದ್ರಾವಣವನ್ನು ಅಡಿಕೆಗೆ ಹೇಳಿಕೊಟ್ಟರು. ಅಲ್ಲಿಂದ ಅದು ಘಟ್ಟದ ಮೇಲೂ ಕೆಳಗೂ ಹಬ್ಬಿತು. ಬೋರ್ಡೋದ ಬಾಟಲಿ ಬೆಂಗಳೂರಿಗೆ ಬಂತು, ಬೋರ್ಡೋದ ಡ್ರಮ್ಮು ಆಲೆಟ್ಟಿಗೆ ಬಂತು.

ಇದನ್ನು ಯಾಕೆ ಇಷ್ಟು ಉದ್ದ ಹೇಳಿದೆನೆಂದರೆ, ‘ಮಣ್ಣನ್ನು ಮುಂದಿನ ತಲೆಮಾರಿಗೆ ಉಳಿಸುವ’ ಚೀಟಿ ಅಂಟಿಸಿಕೊಂಡ, ಸಾವಯವ ಎಂಬ ಮುದ್ರೆ ಒತ್ತಿಸಿಕೊಂಡ ದ್ರಾಕ್ಷಿ ತೋಟಗಳಿಗೂ ಮೈಲುತುತ್ತು ಬಿಡಲು ಅನುಮತಿ ಇದೆ. ಸಾವಯವದ ನಿಯಮದಲ್ಲೇ ಅದಕ್ಕೆ ಜಾಗವಿದೆ. ತಾಮ್ರ ಕೊಳೆಯುವ ವಸ್ತುವಲ್ಲ, ಹಾವಿಯಾಗಿ ಹೋಗುವುದೂ ಇಲ್ಲ. ಮಣ್ಣಿನಲ್ಲೇ ಕೂರುತ್ತದೆ, ವರ್ಷವರ್ಷವೂ ಸೇರುತ್ತದೆ, ಎರೆಹುಳಕ್ಕೆ ತೊಂದರೆ ಕೊಡುತ್ತದೆ. ಇದು ಯುರೋಪಿನವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅಲ್ಲಿ 2019ರಿಂದ ಏಳು ವರ್ಷದಲ್ಲಿ ಹೆಕ್ಟೇರಿಗೆ 28 ಕಿಲೋ ತಾಮ್ರವನ್ನು ಮೀರಬಾರದೆಂದು ಮಿತಿ ಹಾಕಿದ್ದಾರೆ. ನೂರು ವರ್ಷ ಸುರಿದ ಮೇಲೆ ಹಾಕಿದ ಮಿತಿ! ತೋಟದವರು ಬಿಟ್ಟದ್ದು ತಪ್ಪು ಎನ್ನಲಾರೆ. ನಾವೂ ಬಿಡುತ್ತೇವೆ, ಬಿಡದಿದ್ದರೆ ಬೆಳೆ ಇಲ್ಲ. ಆದರೆ ನಾವು ಅಡಿಕೆಯ ಗೋಣಿಯ ಮೇಲೆ ‘ಹಕ್ಕಿಪಕ್ಕಿಗಳ ಸ್ನೇಹಿತ’ ಎಂದು ಬರೆಸುವುದಿಲ್ಲವಲ್ಲ.

ನೀರಿನ ಮಾತೂ ಹಾಗೆಯೇ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಬೆಂಗಳೂರಿನ ಕೊಳಚೆಯನ್ನು ಶುದ್ಧಿ ಮಾಡಿ ಅಲ್ಲಿನ ಕೆರೆಗಳಿಗೆ ತುಂಬಿಸುವ ಯೋಜನೆ 2018ರಲ್ಲಿ ಕೋಲಾರಕ್ಕೆ ಮುಟ್ಟಿತು. ಆ ನೆಲದಲ್ಲಿ ದ್ರಾಕ್ಷಿ ಬೆಳೆಯುವ ರೈತ ಹನಿ ನೀರಾವರಿಯಿಂದ ಒಂದೊಂದು ಬಳ್ಳಿಯನ್ನು ಬದುಕಿಸುತ್ತಾನೆ, ಸಂತೋಷ. ಆದರೆ ಚೀಟಿ ಬರೆಯುವವರು ಹನಿಯನ್ನು ಬರೆಯುತ್ತಾರೆ, ಕೊಳವೆಯ ಆಳವನ್ನು ಬರೆಯುವುದಿಲ್ಲ. ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುವ ಹೆಂಗಸಿನ ಹೆಸರು ಯಾವ ಬಾಟಲಿಯ ಹಿಂಬದಿಯಲ್ಲೂ ಇರುವುದಿಲ್ಲ.

ಇನ್ನು ಆರೋಗ್ಯದ ಮಾತು. ನಮ್ಮನ್ನು ಹಿಡಿದಿರುವ ಗಾಳ ಅದೇ. ಅದು ಎಲ್ಲಿಂದ ಬಂತು ಎಂದು ಗೊತ್ತಿರಲಿ. 1991ರ ನವೆಂಬರಿನಲ್ಲಿ ಅಮೆರಿಕದ ಟೆಲಿವಿಷನ್ನಿನ ಜನಪ್ರಿಯ ಕಾರ್ಯಕ್ರಮವೊಂದು, ಫ್ರಾನ್ಸಿನವರು ಬೆಣ್ಣೆ, ಚೀಸು ಅಷ್ಟೆಲ್ಲ ತಿಂದರೂ ಅವರಿಗೆ ಹೃದಯದ ಕಾಯಿಲೆ ಕಡಿಮೆ ಏಕೆ ಎಂಬ ಪ್ರಶ್ನೆ ಎತ್ತಿ, ಕೆಂಪು ವೈನಿನ ಕಡೆ ಬೆರಳು ತೋರಿಸಿತು. ಆ ಬಳಿಕ ಅಲ್ಲಿ ಕೆಂಪು ವೈನಿನ ಮಾರಾಟ ಶೇ. 40ಕ್ಕಿಂತ ಹೆಚ್ಚು ಜಿಗಿಯಿತು. ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಎಂಬ ವಸ್ತುವೇ ಸಂಜೀವಿನಿ ಎಂದಾಯಿತು. ಅದರ ಬಗ್ಗೆ ಬಹಳ ಬರೆದವರಲ್ಲಿ ಒಬ್ಬರಾದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ದೀಪಕ್ ದಾಸ್ ತಮ್ಮ ಪ್ರಬಂಧಗಳಲ್ಲಿ ಮಾಹಿತಿ ತಿದ್ದಿದ್ದಾರೆ, ಸೃಷ್ಟಿಸಿದ್ದಾರೆ ಎಂದು 2012ರಲ್ಲಿ ಆ ವಿಶ್ವವಿದ್ಯಾಲಯವೇ ತನಿಖೆ ಮಾಡಿ ಪ್ರಕಟಿಸಿತು. ಒಂದೆರಡಲ್ಲ, 145 ಕಡೆ. ಅದಿಲ್ಲದೆಯೂ, ಒಂದು ಲೀಟರ್ ವೈನಿನಲ್ಲಿ ಆ ವಸ್ತು ಇರುವುದು ಕೆಲವೇ ಮಿಲಿಗ್ರಾಂ. ಪ್ರಯೋಗಾಲಯದಲ್ಲಿ ಬಳಸುವ ಪ್ರಮಾಣ ಬೇಕಿದ್ದರೆ ಬಾಟಲಿಯಲ್ಲ, ಹಂಡೆ ಬೇಕು. ಸಿಪ್ಪೆಯೇ ಬೇಕಾದರೆ ಸಿಪ್ಪೆ ಸಮೇತ ದ್ರಾಕ್ಷಿ ತಿನ್ನಬಹುದಲ್ಲ ಎಂದು ಯಾಕೆ ಯಾರೂ ಕೇಳಲಿಲ್ಲವೋ.

ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಅಂತಾರಾಷ್ಟ್ರೀಯ ಸಂಸ್ಥೆ ಸೇರಿಸಿದ್ದು 1988ರಲ್ಲೇ. ತಂಬಾಕು ಇರುವ ಗುಂಪು ಅದು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಸ್ಪಷ್ಟವಾಗಿ, ಇಷ್ಟು ಕುಡಿದರೆ ಅಪಾಯವಿಲ್ಲ ಎಂದು ಹೇಳಬಹುದಾದ ಪ್ರಮಾಣವೇ ಇಲ್ಲ ಎಂದಿತು. ಅಲ್ಲಿ ವೈನಿಗೆ ರಿಯಾಯಿತಿ ಇಲ್ಲ. ಕಾರಣ ಸರಳ. ಬ್ರಾಂದಿಯಲ್ಲಿರುವುದೂ ವೈನಿನಲ್ಲಿರುವುದೂ ಕಳ್ಳಭಟ್ಟಿಯಲ್ಲಿರುವುದೂ ಒಂದೇ ವಸ್ತು. ಹೊಟ್ಟೆಗೆ ಚೀಟಿ ಓದಲು ಬರುವುದಿಲ್ಲ.

ಹೆಂಗಸರಾದ ನಾವು ಇದರಲ್ಲಿ ವಿಶೇಷವಾಗಿ ತಿಳಿಯಬೇಕಾದದ್ದು ಸ್ತನ ಕ್ಯಾನ್ಸರಿನ ಸಂಗತಿ. ದಿನಕ್ಕೆ 10 ಗ್ರಾಂ ಮದ್ಯಸಾರ ಹೊಟ್ಟೆಗೆ ಹೋದರೆ ಆ ಕಾಯಿಲೆಯ ಸಂಭವ ಕುಡಿಯದವಳಿಗಿಂತ ಸುಮಾರು ಶೇ. 7ರಷ್ಟು ಹೆಚ್ಚು. ನೂರು ಮಂದಿಯಲ್ಲಿ ಏಳು ಮಂದಿಗೆ ಬರುತ್ತದೆ ಎಂದು ಇದರ ಅರ್ಥವಲ್ಲ. ಇರುವ ಅಪಾಯ ಅಷ್ಟು ಪಾಲು ಏರುತ್ತದೆ ಎಂದು. ಅದಕ್ಕೆ ಹೆದರಿ ಸಾಯಬೇಕಿಲ್ಲ. ಆದರೆ ‘ಹೆಂಗಸರಿಗೆ ಒಳ್ಳೆಯದು’ ಎಂದು ಮೇಜು ಇಟ್ಟವರು ಇದನ್ನೂ ಹೇಳಬೇಕಿತ್ತು. ಅವರು ಹೇಳುವುದಿಲ್ಲವಾದ್ದರಿಂದ ಒಂದು ಲೆಕ್ಕ ನಾವೇ ಹಾಕೋಣ. ಮನೆಯ ಜಮಾಖರ್ಚು ಬರೆಯುವ ನಮಗೆ ಇದು ಕಷ್ಟದ್ದಲ್ಲ. ವೈನಿನ ಬಾಟಲಿ 750 ಮಿಲಿ, ಅದರಲ್ಲಿ ನೂರಕ್ಕೆ 13 ಮದ್ಯಸಾರ. ಅಂದರೆ ಸುಮಾರು 97 ಮಿಲಿ. ಗಂಡಸರು ಪೇಪರಿನಲ್ಲಿ ಸುತ್ತಿ ತರುವ ‘ಕ್ವಾರ್ಟರ್’ 180 ಮಿಲಿ, ನೂರಕ್ಕೆ 42.8. ಅಂದರೆ 77 ಮಿಲಿ. ಗಂಡ ಕ್ವಾರ್ಟರ್ ತಂದರೆ ಮನೆ ಹಾಳಾಯಿತೆಂದು ಅಳುವ ನಾವು, ಅದಕ್ಕಿಂತ ಹೆಚ್ಚು ಮದ್ಯ ತುಂಬಿದ ಬಾಟಲಿಗೆ ರಿಬ್ಬನ್ ಕಟ್ಟಿ ಗೃಹಪ್ರವೇಶಕ್ಕೆ ಉಡುಗೊರೆ ಕೊಡುತ್ತೇವೆ! ಒಂದು ದೊಡ್ಡ ಗ್ಲಾಸು ವೈನು, 150 ಮಿಲಿ ಎನ್ನಿ, ಒಂದೂವರೆ ‘ಸ್ಮಾಲಿ’ಗೆ ಸಮ. ಅದರಲ್ಲಿ 15 ಗ್ರಾಂ ಮದ್ಯಸಾರವಿದೆ.

ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮ 2019ರಿಂದ ಬಾಟಲಿಯ ಮೇಲೆ ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆಯನ್ನು ಕಡ್ಡಾಯ ಮಾಡಿದೆ. ಆರೋಗ್ಯದ ಬಡಾಯಿಯನ್ನು ನಿಷೇಧಿಸಿದೆ. ಆದ್ದರಿಂದ ಬಡಾಯಿ ಬಾಟಲಿಯಿಂದ ಇಳಿದು ನಮ್ಮ ನಮ್ಮ ಬಾಯಿಗೆ, ವಾಟ್ಸಾಪಿಗೆ ಹತ್ತಿಕೊಂಡಿದೆ. ಕಂಪೆನಿಯವರಿಗೆ ಇದಕ್ಕಿಂತ ಸುಖವುಂಟೆ? ಸಂಬಳವಿಲ್ಲದ ಪ್ರಚಾರಕಿಯರು ಊರೂರಲ್ಲೂ ಇದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಕುಡಿಯುವ ಗಂಡಸರು ನೂರಕ್ಕೆ 19ರ ಹತ್ತಿರ, ಹೆಂಗಸರು ನೂರಕ್ಕೆ ಒಬ್ಬರ ಆಸುಪಾಸು. ನೀವೇ ಮಾರುವವರ ಜಾಗದಲ್ಲಿ ಕೂತು ನೋಡಿ. ಉಳಿದ 99 ಮಂದಿ ನಿಮಗೆ ಸಂಪನ್ನ ಸ್ತ್ರೀಯರಾಗಿ ಕಾಣುತ್ತಾರೋ, ಇನ್ನೂ ಉಳದ ಗದ್ದೆಯಾಗಿ ಕಾಣುತ್ತಾರೋ?

2007ನೇ ಇಸವಿಯನ್ನು ನಾನು ಮರೆಯುವುದಿಲ್ಲ. ಆ ವರ್ಷ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ನಮ್ಮ ರಾಜ್ಯಕ್ಕೆ ವೈನ್ ನೀತಿ ಬಂತು, ವೈನಿಗೊಂದು ಮಂಡಳಿಯೂ ಆಯಿತು. ಒಂದೇ ವರ್ಷ, ಒಂದೇ ಸರಕಾರಿ ಶಾಯಿ. ಪ್ಯಾಕೆಟಿನಲ್ಲಿ ಬಂದದ್ದು ಪಾಪ, ಬಾಟಲಿಯಲ್ಲಿ ಬಂದದ್ದು ತೋಟಗಾರಿಕೆ. ಮಂಡಳಿಯವರು ಬೆಂಗಳೂರಿನಲ್ಲಿ ಉತ್ಸವಗಳನ್ನೂ ಮಾಡಿದರು. ಕನ್ನಡದಲ್ಲಿ ಅದಕ್ಕೆ ‘ದ್ರಾಕ್ಷಾರಸ ಉತ್ಸವ’ ಎಂದು ಹೆಸರು. ನನಗೆ ಆ ಶಬ್ದದ ಮೇಲೆಯೇ ತಕರಾರು. ಕಬ್ಬಿನ ರಸ ಕಬ್ಬಿನ ರಸವೇ. ಬೆಲ್ಲ ಹುಳಿಬರಿಸಿ ಭಟ್ಟಿ ಇಳಿಸಿದ್ದನ್ನು ‘ಇಕ್ಷುರಸ’ ಎಂದು ಕರೆದು ಪಂಚಾಯತಿನ ಎದುರು ಯಾರಾದರೂ ಚಪ್ಪರ ಹಾಕಿದರೆ ಪೋಲಿಸರು ಬಿಡುತ್ತಾರೆಯೆ?

ಸಾರಾಯಿ ಹೋದದ್ದಕ್ಕೆ ನಾನು ಅಳುವುದಿಲ್ಲ. ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸೊಬ್ಬಳು ಆ ನಿಷೇಧದ ಸುದ್ದಿ ಕೇಳಿ ದೇವರಿಗೆ ಕಾಯಿ ಒಡೆಸಿದವಳು. ಒಂದೆರಡು ತಿಂಗಳು ಅವಳ ಮುಖ ಬೆಳಗಿತ್ತು. ಆಮೇಲೆ ಅವಳೇ ಹೇಳಿದಳು: ‘ಮೊದಲು ಪ್ಯಾಕೆಟ್ ಕುಡಿಯುತ್ತಿದ್ದರು ಅಕ್ಕ, ಈಗ ಸಣ್ಣ ಡಬ್ಬಿ. ಅದು ಮೊದಲಿನದಕ್ಕಿಂತ ಕ್ರಯ ಜಾಸ್ತಿ. ಮನೆಗೆ ಬರುವ ದುಡ್ಡು ಅಷ್ಟು ಕಮ್ಮಿ.’ ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ರಟ್ಟಿನ ಪೊಟ್ಟಣದಲ್ಲಿ ಬಂದು ಕೂತಿತ್ತು. ಸರಕಾರದ್ದೇ ಸಂಸ್ಥೆಯಾದ ಎಂ.ಎಸ್.ಐ.ಎಲ್. ಹೆಸರಿನಲ್ಲಿ ಮದ್ಯದಂಗಡಿಗಳಿವೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಬರಬೇಕೆಂದು ಗುರಿ ಇಟ್ಟದ್ದು 40,000 ಕೋಟಿ ರೂಪಾಯಿ. ಸಂವಿಧಾನದ 47ನೇ ವಿಧಿ ಪಾನನಿರೋಧಕ್ಕೆ ಪ್ರಯತ್ನಿಸಬೇಕೆಂದು ಸರಕಾರಕ್ಕೆ ಹೇಳುತ್ತದೆ. ಪ್ರಯತ್ನ ಯಾವ ದಿಕ್ಕಿನಲ್ಲಿ ಎಂದು ಗುರಿಯೇ ತೋರಿಸುತ್ತದೆ.

2019ರ ಜನವರಿಯಲ್ಲಿ ಸಾವಿರಾರು ಹೆಂಗಸರು, ರಾಯಚೂರು ಸೀಮೆಯವರೇ ಬಹಳ, ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ಮದ್ಯ ನಿಷೇಧ ಮಾಡಿ ಎಂಬ ಒಂದೇ ಬೇಡಿಕೆ. ಚಳಿಗೆ ಹೊದೆಯಲು ಸರಿಯಾದ ಕಂಬಳಿ ಇಲ್ಲದವರು, ಕೂಲಿ ಬಿಟ್ಟು ಬಂದವರು. ದಾರಿಯಲ್ಲಿ ವಾಹನ ಬಡಿದು ಒಬ್ಬ ಹೆಂಗಸು ಪ್ರಾಣ ಬಿಟ್ಟಳು. ಅವರಿಗೆ ಸಿಕ್ಕಿದ ಉತ್ತರ, ನಿಷೇಧದಿಂದ ಕಳ್ಳಭಟ್ಟಿ ಹೆಚ್ಚುತ್ತದೆ, ಬೊಕ್ಕಸಕ್ಕೆ ನಷ್ಟವಾಗುತ್ತದೆ ಎಂಬ ಹಳೆಯದೇ. ಪೂರ್ತಿ ನಿಷೇಧ ಸಾಧುವೋ ಅಲ್ಲವೋ ಎಂಬುದರಲ್ಲಿ ನನಗೂ ಖಚಿತ ಮತವಿಲ್ಲ. ಆಂಧ್ರದಲ್ಲಿ ನೆಲ್ಲೂರಿನ ಹೆಂಗಸರು 1992ರಲ್ಲಿ ಸಾರಾಯಿಯ ವಿರುದ್ಧ ಎದ್ದು, 1995ರಲ್ಲಿ ಪೂರ್ತಿ ನಿಷೇಧವೇ ಬಂದು, ಎರಡೇ ವರ್ಷದಲ್ಲಿ ಸಡಿಲವಾಗಿ ಹೋಯಿತು. ಆದರೆ ನಡೆದು ಬಂದ ಆ ಹೆಂಗಸರು ಯಾರ ಜೊತೆ ಮಾತಾಡುತ್ತಿದ್ದರು? ಸರಕಾರದ ಜೊತೆ ಮಾತ್ರವೆ? ನಮ್ಮ ಜೊತೆಯೂ ಅಲ್ಲವೆ? ಒಂದು ಕಡೆ ಅವರು ರಸ್ತೆಯಲ್ಲಿ ಕಾಲು ಸವೆಸುತ್ತಿರುವಾಗ ಇನ್ನೊಂದು ಕಡೆ ನಾವು, ‘ನಮ್ಮದು ಬೇರೆ, ಇದು ವೈನ್’ ಎಂದು ಗ್ಲಾಸು ಎತ್ತಿದರೆ, ಅವರ ಮಾತಿನ ಬಲ ಅಷ್ಟು ಕಡಿಮೆಯಾಯಿತು. ಕುಡಿತ ಕೂಲಿಯವರ ಕೆಟ್ಟ ಚಟ, ಓದಿದವರ ಒಳ್ಳೆಯ ಅಭಿರುಚಿ ಎಂದಾಯಿತು.

ರೈತರಿಗೆ ಅನುಕೂಲ ಎನ್ನುವ ಮಾತಿದೆ. 2022ರ ಜನವರಿಯಲ್ಲಿ ಮಹಾರಾಷ್ಟ್ರ ಸರಕಾರ ಸೂಪರ್ ಮಾರ್ಕೆಟ್ಟುಗಳಲ್ಲಿ ವೈನ್ ಮಾರಲು ನಿರ್ಧಾರ ಮಾಡಿದಾಗಲೂ ಇದೇ ಮಾತು ಬಂತು. ಅಕ್ಕಿ ಬೇಳೆಯ ಪಕ್ಕದ ಕಪಾಟಿನಲ್ಲಿ ಬಾಟಲಿ ಇಟ್ಟರೆ ದ್ರಾಕ್ಷಿಯ ರೈತ ಉದ್ಧಾರವಾಗುತ್ತಾನೆ ಎಂದು. ದೊಡ್ಡ ಗದ್ದಲವಾಗಿ ಅದು ನಿಂತುಹೋಯಿತು. ನಮ್ಮ ದೇಶದಲ್ಲಿ ಬೆಳೆಯುವ ದ್ರಾಕ್ಷಿಯಲ್ಲಿ ವೈನಿಗೆ ಹೋಗುವುದು ಬಹಳ ಸಣ್ಣ ಪಾಲು. ಉಳಿದದ್ದೆಲ್ಲ ಹಣ್ಣಾಗಿ ತಿನ್ನಲು, ಒಣದ್ರಾಕ್ಷಿಗೆ. ವಿಜಯಪುರದ ರೈತನ ಬದುಕು ನಿಂತಿರುವುದು ಒಣದ್ರಾಕ್ಷಿಯ ಧಾರಣೆಯ ಮೇಲೆ. ಅವನಿಗೆ ಬೇಕಾದದ್ದು ಶೀತಲ ಗೋದಾಮು, ಸರಿಯಾದ ಬೆಲೆ. ನಂದಿ ಕಣಿವೆಯ ‘ಬೆಂಗಳೂರು ಬ್ಲೂ’ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆ ಕಪ್ಪು ದ್ರಾಕ್ಷಿಯ ಪರಿಮಳ ತಿಂದವರಿಗೆ ಗೊತ್ತು. ಆದರೆ ಬೆಲೆಯ ವೈನು ಮಾಡುವವರಿಗೆ ಅದು ಬೇಡ, ಫ್ರಾನ್ಸಿನ ಜಾತಿಯೇ ಬೇಕು. ಊರಿನ ದ್ರಾಕ್ಷಿ ಅಗ್ಗದ ಸಿಹಿ ವೈನಿಗೆ. ಬಾಟಲಿಯ ಲೋಕದಲ್ಲೂ ಮೇಲುಜಾತಿ ಕೀಳುಜಾತಿ ತಪ್ಪಲಿಲ್ಲ.

ನಮ್ಮ ಹಿರಿಯರು ಕುಡಿಯುತ್ತಿರಲಿಲ್ಲವೆ, ಬಾಣಂತಿಗೆ ದ್ರಾಕ್ಷಾರಿಷ್ಟ, ದಶಮೂಲಾರಿಷ್ಟ ಕೊಡುತ್ತಿರಲಿಲ್ಲವೆ, ಅದರಲ್ಲೂ ಹುಳಿಬಂದ ಮದ್ಯಸಾರ ಇಲ್ಲವೆ ಎಂದು ಕೇಳುವ ಜಾಣೆಯರಿದ್ದಾರೆ. ಇದೆ. ಆದರೆ ಅರಿಷ್ಟವನ್ನು ಯಾರೂ ಗ್ಲಾಸಿನಲ್ಲಿ ತಿರುಗಿಸಿ ಮೂಸಿ ನೋಡಿ, ಕಾಡಿನ ಹಣ್ಣಿನ ಪರಿಮಳವಿದೆ ಎಂದು ಹೇಳಿ ಕುಡಿಯುವುದಿಲ್ಲ. ಅಳತೆಯ ಮುಚ್ಚಳದಲ್ಲಿ, ನೀರು ಬೆರೆಸಿ, ಮುಖ ಕಿವುಚಿಕೊಂಡು ಕುಡಿಯುತ್ತಾರೆ. ಮದ್ದಿಗೂ ಮದ್ಯಕ್ಕೂ ಇರುವ ವ್ಯತ್ಯಾಸ ಆ ಕಿವುಚಿದ ಮುಖವೇ. ಕಳ್ಳಿನ ಮಾತೂ ಬರುತ್ತದೆ. ತುಳುನಾಡಿನಲ್ಲಿ ಕಳ್ಳು ದೈವಕ್ಕೂ ಸಲ್ಲುತ್ತದೆ, ನಿಜ. ಆದರೆ ಕಳ್ಳು ಇಳಿಸಿ ಬದುಕುತ್ತಿದ್ದ ತನ್ನದೇ ಸಮುದಾಯಕ್ಕೆ, ಅದನ್ನು ಇಳಿಸಬೇಡಿ, ಮಾರಬೇಡಿ, ಕುಡಿಯಬೇಡಿ ಎಂದು ಹೇಳುವ ಧೈರ್ಯ ನಾರಾಯಣ ಗುರುಗಳಿಗಿತ್ತು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿದ ಅದೇ ಗುರುಗಳು. ತಮ್ಮವರ ಹೊಟ್ಟೆಪಾಡಿನ ವಿರುದ್ಧವೇ ಮಾತಾಡಿದರು. ಮರ ಹತ್ತಿ ಇಳಿದು ಸೊಂಟ ಮುರಿದುಕೊಂಡವನಿಗೆ ಸಮಾಜ ಕೊಟ್ಟದ್ದು ಅವಮಾನ. ಈಗ ವೈನ್ ಮಾಡುವವನಿಗೆ ಕೊಡುವುದು ಉತ್ಸವ. ಈ ತಾರತಮ್ಯವನ್ನು ಕಾಣದವರು ಪರಂಪರೆಯ ಮಾತಾಡಬಾರದು.

ಕೊನೆಯದಾಗಿ, ನನಗೆ ಉತ್ತರಿಸಲು ಸ್ವಲ್ಪ ಕಷ್ಟವಾದ ಮಾತು. ಕಾಲೇಜು ಕಲಿಸುವ ಗೆಳತಿಯೊಬ್ಬಳು ಹೇಳಿದಳು: ‘ಗಂಡಸರು ಇಷ್ಟು ಕಾಲ ಕುಡಿದರು, ಯಾರೂ ಪ್ರಬಂಧ ಬರೆಯಲಿಲ್ಲ. ಹೆಂಗಸು ಒಂದು ಗ್ಲಾಸು ಹಿಡಿದ ಕೂಡಲೇ ನೀನು ಲೇಖನಿ ಹಿಡಿದೆ. ನೀನೂ ಅತ್ತೆಯಂದಿರ ಕಡೆಯವಳೇ.’ ಈ ಮಾತಿನಲ್ಲಿ ಹುರುಳಿದೆ. 2009ರಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದವರೂ ಸಂಸ್ಕೃತಿಯ ಹೆಸರನ್ನೇ ಹೇಳಿದ್ದರು. ಅವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಲು ನನಗೆ ಮನಸ್ಸಿಲ್ಲ. ಹೆಣ್ಣು ಕುಡಿದರೆ ಮಾನ ಹೋಯಿತು, ಗಂಡು ಕುಡಿದರೆ ದಣಿವು ಹೋಯಿತು ಎನ್ನುವವರು ನನ್ನ ಓದುಗರಲ್ಲ.

ಹಾಗಾಗಿ ನಾನು ಅವಳಿಗೆ ಹೇಳಿದ್ದು ಇಷ್ಟು. ಕುಡಿಯುವ ಹಕ್ಕು ನಿನಗೂ ಇದೆ, ನಿನ್ನ ಗಂಡನಿಗೆ ಇರುವಷ್ಟೇ. ಆದರೆ ಹಕ್ಕು ಚಲಾಯಿಸುವಾಗ ಗಂಡಸಿನಂತೆ ‘ನಾನು ಕುಡಿಯುತ್ತೇನೆ’ ಎಂದೇ ಹೇಳು. ‘ಆರೋಗ್ಯಕ್ಕೆ ತಗೊಳ್ಳುತ್ತೇನೆ’, ‘ಇದು ಮದ್ಯವಲ್ಲ’, ‘ಭೂಮಿಗೆ ಒಳ್ಳೆಯದಂತೆ’ ಎಂಬ ಸೆರಗು ಯಾಕೆ ಹೊದೆಸುತ್ತೀ? ಸ್ವಾತಂತ್ರ್ಯವೆಂದರೆ ನೆಪ ಹೇಳದೆ ಇರುವುದೂ ಹೌದಲ್ಲವೆ? ನೆಪ ಬೇಕಾಗುವುದು ಇನ್ನೂ ಒಪ್ಪಿಗೆ ಕೇಳುವವಳಿಗೆ. ಆ ನೆಪವನ್ನೂ ನೀನು ಮಾಡಿದ್ದಲ್ಲ. ಮಾರುವವರು ಅಚ್ಚು ಹಾಕಿಸಿ ಬಾಟಲಿಗೆ ಅಂಟಿಸಿ ಕೊಟ್ಟದ್ದು. ಅವಳು ನಕ್ಕಳು, ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ನಮ್ಮ ಸ್ನೇಹ ಹಾಗೇ ಇದೆ.

ನನಗೆ ಬೇಕಾದದ್ದು ದೊಡ್ಡದೇನಲ್ಲ. ಬಾಟಲಿಯ ಮೇಲೆ ಕಣಿವೆಯ ಚಿತ್ರದಷ್ಟೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಒಳಗೆ ಎಷ್ಟು ಗ್ರಾಂ ಮದ್ಯಸಾರವಿದೆ, ಅದರಿಂದ ಹೆಂಗಸರಿಗೆ ಯಾವ ಕಾಯಿಲೆಯ ಅಪಾಯ ಹೆಚ್ಚುತ್ತದೆ ಎಂದು ಬರೆಯಲಿ. ಐರ್ಲೆಂಡ್ ಎಂಬ ಸಣ್ಣ ದೇಶ 2023ರಲ್ಲಿ ಹೀಗೆ ಕ್ಯಾನ್ಸರಿನ ಎಚ್ಚರಿಕೆ ಬರೆಯಬೇಕೆಂದು ಕಾನೂನು ಮಾಡಿತು. 2026ರಲ್ಲಿ ಜಾರಿಗೆ ಬರಬೇಕಿತ್ತು. ವೈನ್ ಮಾಡುವ ದೊಡ್ಡ ದೇಶಗಳು ಮೊದಲಿನಿಂದಲೂ ಮುನಿದಿದ್ದವು, ಈಗ ವ್ಯಾಪಾರಕ್ಕೆ ಕಷ್ಟವೆಂದು ಅದನ್ನು 2028ಕ್ಕೆ ಮುಂದೂಡಿದ್ದಾರೆ. ಅಷ್ಟು ಭಯ ಒಂದು ಸಾಲು ಸತ್ಯಕ್ಕೆ.

ಇನ್ನು ದೂರದ ಊರಿನ, ಮಣ್ಣು ಕೆಡಿಸದ, ಕೆಂಪು ಬಣ್ಣದ ಪಾನೀಯವೇ ಬೇಕೆಂದು ಹಟ ಹಿಡಿದವರಿದ್ದರೆ ಸುಳ್ಯಕ್ಕೆ ಬನ್ನಿ. ಮೇ ತಿಂಗಳಲ್ಲಿ ಆಲೆಟ್ಟಿಯ ತೋಟದ ಬದಿಗಳಲ್ಲಿ ಪುನರ್ಪುಳಿ ಹಣ್ಣಾಗಿ ಬಿದ್ದಿರುತ್ತದೆ. ಅದಕ್ಕೆ ಮೈಲುತುತ್ತು ಬಿಟ್ಟವರಿಲ್ಲ, ನೀರು ಹಾಕಿದವರೂ ಇಲ್ಲ. ಕೆಂಪು ವೈನಿಗೆ ಬಣ್ಣ ಕೊಡುವ ಆಂಥೋಸಯನಿನ್ ಎಂಬ ಜಾತಿಯ ವಸ್ತುವೇ ಇದರ ಸಿಪ್ಪೆಯಲ್ಲೂ ಇದೆ. ಇದನ್ನು ಕುಡಿದರೆ ಹೃದ್ರೋಗ ಬರುವುದಿಲ್ಲ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನಾನೂ ಆ ಚೀಟಿ ಬರೆದವರ ಸಾಲಿಗೆ ಸೇರಿದೆ. ಬಾಯಾರಿಕೆ ಹೋಗುತ್ತದೆ, ಅಷ್ಟೆ. ಗುಡ್ಡದಲ್ಲಿ ಗೇರುಹಣ್ಣೂ ಇದೆ. ಬೀಜಕ್ಕಿಂತ ಐದಾರು ಪಟ್ಟು ತೂಕದ ಹಣ್ಣನ್ನು ನಾವು ತಿರುಚಿ ಎಸೆಯುತ್ತೇವೆ. ಪುತ್ತೂರಿನಲ್ಲಿ 1986ರಿಂದ ಗೇರಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಹಣ್ಣಿನ ರಸ, ಜಾಮು ಮಾಡುವ ಕ್ರಮಗಳನ್ನು ಹೇಳಿಕೊಡುವವರಿದ್ದಾರೆ. ಗೋವಾದವರು ಅದೇ ಹಣ್ಣಿನ ಫೆನ್ನಿಗೆ 2009ರಲ್ಲಿ ಗುರುತಿನ ಮುದ್ರೆ ಪಡೆದರು. ನಮ್ಮ ಸ್ವಸಹಾಯ ಸಂಘದ ಹೆಂಗಸರು ಪುನರ್ಪುಳಿಯ ಸಿಪ್ಪೆ ಒಣಗಿಸಿ ಕಿಲೋ ಲೆಕ್ಕದಲ್ಲಿ ಪೇಟೆಗೆ ಕೊಡುತ್ತಾರೆ. ವೈನಿಗೊಂದು ಮಂಡಳಿ ಇರುವ ರಾಜ್ಯದಲ್ಲಿ ಆ ಸಿಪ್ಪೆಗೆ ಒಂದು ಒಣಗಿಸುವ ಯಂತ್ರ ಕೇಳಿ ಅರ್ಜಿ ಬರೆದುಕೊಟ್ಟವಳು ನಾನೇ. ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ. ಚಾಪೆಯ ಮೇಲೆ ಹರಡಿದ ಅರ್ಧಕ್ಕರ್ಧ ಸಿಪ್ಪೆ ಬೂಸಲು ಬರುವುದು ಆಗಲೇ.